ಹೊಲದ ಮೋಟರು, ಅಣುಬಾಂಬು ಮತ್ತು ಟೆಸ್ಲಾ ಎಂಬ ದಂತಕಥೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ರೈತರ ಬಾಯಲ್ಲಿ ಇಂಗ್ಲಿಷಿನ ಎರಡು ಪದ ಸದಾ ಇರುತ್ತವೆ: ‘ತ್ರೀ ಫೇಸ್’. ಅದು ಹಗಲು ಬರುತ್ತದೋ ರಾತ್ರಿ ಬರುತ್ತದೋ, ಬಂದರೆ ಎಷ್ಟು ತಾಸು ನಿಲ್ಲುತ್ತದೋ ಎಂಬುದರ ಮೇಲೆ ಇಲ್ಲಿನ ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಬೆಳೆ ನಿಂತಿದೆ. ಹಡಗಲಿಯ ಮಲ್ಲಿಗೆಗೂ ಅದೇ ನೀರು, ಅದೇ ಕರೆಂಟು.

ಈ ಕರೆಂಟಿಗೂ ಅದರಿಂದ ತಿರುಗುವ ಮೋಟರಿಗೂ ತಳುಕು ಹಾಕಿಕೊಂಡಿರುವ ಹೆಸರು ನಿಕೋಲಾ ಟೆಸ್ಲಾ. ಆದರೆ ಇವತ್ತಿನ ಹುಡುಗರಿಗೆ ಮೊಬೈಲಿನಲ್ಲಿ ಪರಿಚಯವಾಗುವ ಟೆಸ್ಲಾ ಬೇರೆಯೇ. ಆತ ಜಗತ್ತಿಗೆಲ್ಲ ತಂತಿಯಿಲ್ಲದೆ ಪುಕ್ಕಟೆ ಕರೆಂಟು ಕೊಡಲು ಹೊರಟಿದ್ದನಂತೆ, ಶ್ರೀಮಂತರು ಅದನ್ನು ತುಳಿದರಂತೆ. ಅಣುಬಾಂಬಿಗಿಂತ ಭಯಂಕರವಾದ ‘ಸಾವಿನ ಕಿರಣ’ ಆತನ ಬಳಿ ಇತ್ತಂತೆ. ಸತ್ತ ರಾತ್ರಿಯೇ ಕಾಗದಪತ್ರಗಳನ್ನು ಸರ್ಕಾರ ಹೊತ್ತೊಯ್ದಿತಂತೆ, ಅಣುಬಾಂಬು ಹುಟ್ಟಿದ್ದೇ ಆ ಕಾಗದಗಳಿಂದಂತೆ. ಇನ್ನೂ ಮುಂದೆ ಹೋಗಿ, ಅಣುಬಾಂಬು ಎಂಬುದೇ ಇಲ್ಲ, ಅದೆಲ್ಲ ಬೆದರಿಕೆಯ ನಾಟಕ ಎನ್ನುವವರೂ ಇದ್ದಾರೆ.

ಈ ‘ಅಂತೆ’ಗಳಲ್ಲಿ ನಿಜವೆಷ್ಟು? ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಸ್ಟಾರ್ಟರ್ ಒತ್ತಲು ಹೊಲಕ್ಕೆ ಹೋಗುವವನಿಗೆ ಪುಕ್ಕಟೆ ಕರೆಂಟನ್ನು ಯಾರೋ ಬಚ್ಚಿಟ್ಟರು ಎಂಬ ಮಾತು ನಿಜವೆನಿಸುವುದು ಸಹಜ. ಹಾಗಾಗಿ ನಕ್ಕು ತಳ್ಳಿಹಾಕದೆ, ಒಂದೊಂದಾಗಿ ನೋಡುವುದು ಮೇಲು.

ಟೆಸ್ಲಾ ನಿಜಕ್ಕೂ ಮಾಡಿದ್ದೇನು?

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್ ಎಂಬ ಹಳ್ಳಿಯ ಸರ್ಬಿಯನ್ ಕುಟುಂಬದಲ್ಲಿ. 1884ರಲ್ಲಿ ನ್ಯೂಯಾರ್ಕ್ ಸೇರಿದ. 1888ರಲ್ಲಿ ಬಹುಫೇಸ್ ವಿದ್ಯುತ್ತಿನ ಪೇಟೆಂಟುಗಳನ್ನು ಪಡೆದ. ವೆಸ್ಟಿಂಗ್‌ಹೌಸ್ ಕಂಪನಿ ಅವುಗಳ ಹಕ್ಕನ್ನು ಕೊಂಡುಕೊಂಡಿತು.

ಆ ಮೋಟರಿನ ಗುಟ್ಟು ಸರಳ. ನಮ್ಮ ಬೋರಿನ ಮೋಟರಿನ ಹೊರಭಾಗದಲ್ಲಿ ತಾಮ್ರದ ತಂತಿಯ ಮೂರು ವೈಂಡಿಂಗ್ ಇರುತ್ತವೆ. ಮೂರು ಫೇಸ್‌ಗಳ ಕರೆಂಟು ಒಟ್ಟಿಗೆ ಏರಿಳಿಯುವುದಿಲ್ಲ. ಒಂದರ ಹಿಂದೆ ಒಂದು ಸರದಿಯಂತೆ ಏರಿ ಇಳಿಯುತ್ತದೆ. ಇದರಿಂದ ಅಯಸ್ಕಾಂತ ಶಕ್ತಿ ಮೋಟರಿನೊಳಗೆ ಸುತ್ತತೊಡಗುತ್ತದೆ. ಒಳಗಿನ ರೋಟರ್ ಅದನ್ನು ಬೆನ್ನಟ್ಟಿ ತಿರುಗುತ್ತದೆ. ರೋಟರಿಗೆ ಹೊರಗಿನಿಂದ ಯಾವ ತಂತಿಯನ್ನೂ ಜೋಡಿಸಬೇಕಿಲ್ಲ, ಉಜ್ಜಿ ಸವೆಯುವ ಬ್ರಷ್ಷೂ ಇಲ್ಲ. ಆದ್ದರಿಂದಲೇ ನೂರಾರು ಅಡಿ ಆಳದ ನೀರಿನಲ್ಲಿ ಮುಳುಗಿಯೂ ಅದು ವರ್ಷಗಟ್ಟಲೆ ದುಡಿಯುತ್ತದೆ. ಒಂದು ಫೇಸ್ ಹೋದಾಗ ಮೋಟರು ಗುಂಯ್‌ಗುಟ್ಟಿ ಸುಟ್ಟುಹೋಗುವುದೂ ಇದೇ ಕಾರಣಕ್ಕೆ: ಸರದಿಯಲ್ಲಿ ಒಬ್ಬ ತಪ್ಪಿದರೆ ಸುತ್ತಾಟ ಕೆಡುತ್ತದೆ.

ಇದು ಟೆಸ್ಲಾ ಒಬ್ಬನ ಕೆಲಸವಲ್ಲ ಎಂಬುದನ್ನೂ ಹೇಳಬೇಕು. ಇಟಲಿಯ ಗೆಲಿಲಿಯೊ ಫೆರಾರಿಸ್ ತಿರುಗುವ ಅಯಸ್ಕಾಂತ ಕ್ಷೇತ್ರವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದ. ಇಂದಿನ ಮೂರು ಫೇಸಿನ ಮೋಟರಿಗೆ ರೂಪ ಕೊಟ್ಟವನು ಜರ್ಮನಿಯಲ್ಲಿ ದುಡಿಯುತ್ತಿದ್ದ ದೊಲಿವೊ-ದೊಬ್ರೊವೋಲ್ಸ್ಕಿ. ದಂತಕಥೆಗೆ ಒಬ್ಬನೇ ನಾಯಕ ಸಾಕು. ವಿಜ್ಞಾನಕ್ಕೆ ಹಾಗಲ್ಲ, ಹಲವರು ಬೇಕು.

ಶಿವನಸಮುದ್ರದ ಸಾಕ್ಷಿ

ಈ ಎ.ಸಿ. ವಿದ್ಯುತ್ ನಮ್ಮ ನಾಡಿಗೆ ಬಂದದ್ದು ಬಹಳ ಬೇಗ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುದಾಗಾರ ಕಟ್ಟಲು ನಿರ್ಧರಿಸಿತು. ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯೇರ್ ಯೋಜನೆ ರೂಪಿಸಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಯಂತ್ರಗಳನ್ನು ಪೂರೈಸಿತು. ಆ ಕಂಪನಿ 1896ರಲ್ಲೇ ವೆಸ್ಟಿಂಗ್‌ಹೌಸ್ ಜತೆ ಪೇಟೆಂಟುಗಳನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಷ್ಟುದ್ದದ ತಂತಿಮಾರ್ಗ ಆಗ ಜಗತ್ತಿನಲ್ಲೇ ಅಪರೂಪ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು.

ಅಂದರೆ ಟೆಸ್ಲಾನ ನಿಜವಾದ ಸಾಧನೆಯನ್ನು ಯಾರೂ ಬಚ್ಚಿಡಲಿಲ್ಲ. ಪೇಟೆಂಟು ಸಿಕ್ಕ 14 ವರ್ಷದೊಳಗೆ ಅದು ಕಾವೇರಿ ದಡಕ್ಕೆ ಬಂದಿತ್ತು.

ಪುಕ್ಕಟೆ ಕರೆಂಟಿನ ಗೋಪುರ

ಟೆಸ್ಲಾ 1901ರಲ್ಲಿ ನ್ಯೂಯಾರ್ಕ್ ಬಳಿ ವಾರ್ಡೆನ್‌ಕ್ಲಿಫ್ ಎಂಬಲ್ಲಿ ಎತ್ತರದ ಗೋಪುರ ಕಟ್ಟಲು ಶುರುಮಾಡಿದ್ದು ನಿಜ. ಸಾಹುಕಾರ ಜೆ.ಪಿ. ಮಾರ್ಗನ್ ಒಂದೂವರೆ ಲಕ್ಷ ಡಾಲರ್ ಕೊಟ್ಟು, ಆಮೇಲೆ ಕೈ ಬಿಗಿಹಿಡಿದದ್ದೂ ನಿಜ. ಮಾರ್ಗನ್ ದುಡ್ಡು ಕೊಟ್ಟಿದ್ದು ಅಟ್ಲಾಂಟಿಕ್ ಸಾಗರದಾಚೆಗೆ ತಂತಿಯಿಲ್ಲದೆ ಸಂದೇಶ ಕಳಿಸುವುದಕ್ಕೆ. ಆ ಹೊತ್ತಿಗೆ ಮಾರ್ಕೋನಿ ಕಡಿಮೆ ಖರ್ಚಿನಲ್ಲಿ ಅದನ್ನು ಸಾಧಿಸಿದ್ದ. ಟೆಸ್ಲಾನ ಗೋಪುರ ಪೂರ್ತಿಯಾಗಲೇ ಇಲ್ಲ. 1917ರಲ್ಲಿ ಅದನ್ನು ಕೆಡವಿದರು.

ತಂತಿಯಿಲ್ಲದೆ ವಿದ್ಯುತ್ ಸಾಗಿಸಲು ಸಾಧ್ಯವೇ? ಬೆರಳೆಣಿಕೆಯ ದೂರಕ್ಕೆ ಸಾಧ್ಯ. ಮೊಬೈಲನ್ನು ತಟ್ಟೆಯ ಮೇಲಿಟ್ಟು ಚಾರ್ಜ್ ಮಾಡುವುದು ಹಾಗೆಯೇ. ದೂರ ಹೆಚ್ಚಿದಂತೆ ಶಕ್ತಿ ಎಲ್ಲ ಕಡೆಗೆ ಚೆದುರಿ, ಪಡೆಯುವವನಿಗೆ ಉಳಿಯುವುದು ಚೂರುಪಾರು ಮಾತ್ರ. ಇನ್ನು ತಂತಿ ಇಲ್ಲ ಎಂದ ಮಾತ್ರಕ್ಕೆ ಕರೆಂಟು ಪುಕ್ಕಟೆಯಾಗುವುದಿಲ್ಲ. ಅದನ್ನು ಎಲ್ಲೋ ನೀರಿನಿಂದಲೋ ಕಲ್ಲಿದ್ದಲಿನಿಂದಲೋ ಉತ್ಪಾದಿಸಲೇಬೇಕು. ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಇದೆ. ಆ ಬಿಲ್ಲನ್ನು ಸರ್ಕಾರದ ಬೊಕ್ಕಸ ಕಟ್ಟುತ್ತದೆ. ಬೊಕ್ಕಸದ ದುಡ್ಡು ಯಾರದೆಂದು ಹೇಳಬೇಕಿಲ್ಲ.

ಕಾರಣಿಕದ ಹಾಗೆ ಒಂದು ಮಾತು

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಗೊರವಯ್ಯ ಬಿಲ್ಲನ್ನೇರಿ ಒಂದು ಸಾಲಿನ ಕಾರಣಿಕ ನುಡಿಯುತ್ತಾರೆ. ಆ ಒಂದು ಸಾಲಿಗೆ ಮಳೆಯೆಂದು ಒಬ್ಬರು, ಬೆಳೆಯೆಂದು ಇನ್ನೊಬ್ಬರು, ರಾಜಕೀಯವೆಂದು ಮತ್ತೊಬ್ಬರು ಅರ್ಥ ಹಚ್ಚುತ್ತಾರೆ. ಕೇಳುವವರಿಗೆ ಅದು ಕಾರಣಿಕವೆಂಬುದು ಗೊತ್ತು. ಅರ್ಥ ಹುಡುಕುವುದು ತಮ್ಮ ಕೆಲಸವೆಂಬುದೂ ಗೊತ್ತು.

1934ರಲ್ಲಿ ತನ್ನ 78ನೆಯ ಹುಟ್ಟುಹಬ್ಬದ ಸಮಯದಲ್ಲಿ ಟೆಸ್ಲಾ ಪತ್ರಕರ್ತರಿಗೆ ಹೇಳಿದ ಮಾತಿಗೂ ಹೀಗೆಯೇ ಆಯಿತು. 250 ಮೈಲಿ ದೂರದ 10 ಸಾವಿರ ವಿಮಾನಗಳನ್ನು ಕೆಡಹಬಲ್ಲ ಕಿರಣವೊಂದನ್ನು ಕಂಡುಹಿಡಿದಿದ್ದೇನೆ ಎಂದ. ಅದರಿಂದ ಯುದ್ಧವೇ ನಿಂತುಹೋಗುತ್ತದೆ ಎಂದೂ ಹೇಳಿದ. ಮರುದಿನ ಪತ್ರಿಕೆಗಳು ದೊಡ್ಡದಾಗಿ ಅಚ್ಚುಹಾಕಿದವು. ಯಂತ್ರವನ್ನು ಮಾತ್ರ ಆತ ಒಮ್ಮೆಯೂ ತೋರಿಸಲಿಲ್ಲ. ಆದರೆ ಇಲ್ಲಿ ಕೇಳಿದವರು ಕಾರಣಿಕವನ್ನು ವರದಿಯೆಂದು ತಿಳಿದರು.

1943ರ ಜನವರಿ 7ರಂದು ನ್ಯೂಯಾರ್ಕಿನ ಹೋಟೆಲೊಂದರ ಕೋಣೆಯಲ್ಲಿ ಟೆಸ್ಲಾ ಒಬ್ಬಂಟಿಯಾಗಿ ತೀರಿಕೊಂಡ. ಮಹಾಯುದ್ಧದ ಕಾಲ. ಆತ 1891ರಲ್ಲೇ ಅಮೆರಿಕದ ಪ್ರಜೆಯಾಗಿದ್ದರೂ, ವಿದೇಶಿಯರ ಆಸ್ತಿ ನೋಡಿಕೊಳ್ಳುವ ಸರ್ಕಾರಿ ಕಚೇರಿ ಪೆಟ್ಟಿಗೆಗಳನ್ನು ವಶಕ್ಕೆ ಪಡೆಯಿತು. ವದಂತಿಗೆ ನಿಜವಾದ ಬುಡ ಇದ್ದರೆ ಇದೇ. ಅವುಗಳನ್ನು ಪರೀಕ್ಷಿಸಲು ಕರೆಸಿದ್ದು ಎಂ.ಐ.ಟಿ.ಯ ಪ್ರಾಧ್ಯಾಪಕ ಜಾನ್ ಜಿ. ಟ್ರಂಪ್ ಅವರನ್ನು. ಇವರು ಡೊನಾಲ್ಡ್ ಟ್ರಂಪ್ ಅವರ ಚಿಕ್ಕಪ್ಪನೆಂಬುದು ಇಂದಿನ ವದಂತಿಗೆ ಇನ್ನಷ್ಟು ಒಗ್ಗರಣೆ ಹಾಕಿದೆ. ಕೊನೆಯ ವರ್ಷಗಳ ಕಾಗದಗಳಲ್ಲಿ ಇರುವುದು ಬಹುಪಾಲು ಊಹೆ ಮತ್ತು ತತ್ತ್ವವಿಚಾರ, ಕೆಲಸ ಮಾಡುವ ಯಂತ್ರದ ವಿವರವಿಲ್ಲ ಎಂದು ಅವರು ವರದಿ ಕೊಟ್ಟರು.

ಟೆಸ್ಲಾ ಬಾಕಿ ಬಿಲ್ಲಿಗೆ ಅಡವಾಗಿ ಇನ್ನೊಂದು ಹೋಟೆಲಿನಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದ. ತೆರೆದರೆ ಅಪಾಯ, ಒಳಗೆ ಆ ಆಯುಧವಿದೆ ಎಂದಿದ್ದ. ಟ್ರಂಪ್ ಅಳುಕುತ್ತಲೇ ತೆರೆದರು. ಒಳಗಿದ್ದದ್ದು ವಿದ್ಯುತ್ ರೋಧವನ್ನು ಅಳೆಯುವ ಪೆಟ್ಟಿಗೆ. ಕಾಲೇಜಿನ ಪ್ರಯೋಗಾಲಯಗಳಲ್ಲಿ ಕಾಣುವಂಥದ್ದು.

ಟೆಸ್ಲಾನ ಕಾಗದಪತ್ರಗಳು ಇಂದು ಬೆಲ್‌ಗ್ರೇಡಿನ ಟೆಸ್ಲಾ ಸಂಗ್ರಹಾಲಯದಲ್ಲಿವೆ. 2003ರಲ್ಲಿ ಯುನೆಸ್ಕೊ ಅವನ್ನು ಜಗತ್ತಿನ ಸ್ಮರಣೆಯ ಪಟ್ಟಿಗೆ ಸೇರಿಸಿದೆ.

ತುಂಗುಸ್ಕಾ ಲೆಕ್ಕ

1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾ ಕಾಡಿನ ಮೇಲೆ ಮಹಾಸ್ಫೋಟವಾಗಿ ಎರಡು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಜಾಗದ ಮರಗಳು ಉರುಳಿದವು. ಅದು ಟೆಸ್ಲಾ ಗೋಪುರದಿಂದ ಹೊಡೆದ ಪರೀಕ್ಷೆ ಎಂಬುದು ಇನ್ನೊಂದು ಕಥೆ. ಗೋಪುರದ ಕೆಲಸ ಅಷ್ಟರೊಳಗೆ ನಿಂತುಹೋಗಿತ್ತು ಎಂಬುದನ್ನು ಬಿಡೋಣ. ಲೆಕ್ಕ ಹಾಕಿ ನೋಡೋಣ.

ಆ ಸ್ಫೋಟದ ಶಕ್ತಿಯ ಅಂದಾಜುಗಳು ಹಲವು. ನಡುವಣದಾಗಿ 10 ಮೆಗಾಟನ್ ಎಂದಿಟ್ಟುಕೊಂಡರೆ, ವಿದ್ಯುತ್ತಿನ ಲೆಕ್ಕದಲ್ಲಿ ಅದು ಸುಮಾರು 1,160 ಕೋಟಿ ಯೂನಿಟ್. ಶಿವನಸಮುದ್ರದಲ್ಲಿ ಮೊದಲು ಇದ್ದದ್ದು 720 ಕಿಲೋವಾಟಿನ ಆರು ಯಂತ್ರಗಳು. ಅವು ಹಗಲೂ ರಾತ್ರಿ ಪೂರ್ತಿ ಓಡಿದರೂ ವರ್ಷಕ್ಕೆ ಹುಟ್ಟುವುದು ಸುಮಾರು 3 ಕೋಟಿ 78 ಲಕ್ಷ ಯೂನಿಟ್. ತುಂಗುಸ್ಕಾದಷ್ಟು ಶಕ್ತಿ ಕೂಡಿಸಲು ಶಿವನಸಮುದ್ರ 300 ವರ್ಷ ಬಿಡುವಿಲ್ಲದೆ ತಿರುಗಬೇಕು! ಅಷ್ಟನ್ನು ಒಬ್ಬ ಸಾಲಗಾರ ಸಂಶೋಧಕ ಎಲ್ಲಿ ಕೂಡಿಟ್ಟಿದ್ದ? ಆಕಾಶದಿಂದ ಬಂದ ಕಲ್ಲೋ ಧೂಮಕೇತುವಿನ ತುಣುಕೋ ಗಾಳಿಯಲ್ಲೇ ಸಿಡಿಯಿತು ಎಂಬುದು ವಿಜ್ಞಾನಿಗಳ ತೀರ್ಮಾನ.

ಬಾಂಬಿಗೆ ಹೆಸರುಗಳಿವೆ

ಇನ್ನು ಅಣುಬಾಂಬಿನ ಮಾತು. ಯುರೇನಿಯಂ ಪರಮಾಣು ಒಡೆಯುತ್ತದೆಂಬುದು ಗೊತ್ತಾದದ್ದು 1938ರ ಕೊನೆಗೆ, ಬರ್ಲಿನ್ನಿನಲ್ಲಿ, ಹಾನ್ ಮತ್ತು ಸ್ಟ್ರಾಸ್‌ಮನ್ ಅವರಿಂದ. ಅದರ ಅರ್ಥ ಬಿಡಿಸಿದವರು ಲೀಸ್ ಮೈಟ್ನರ್ ಮತ್ತು ಫ್ರಿಶ್. 1942ರ ಡಿಸೆಂಬರ್ 2ರಂದು ಷಿಕಾಗೊದಲ್ಲಿ ಫರ್ಮಿಯ ತಂಡ ಸರಪಣಿ ಕ್ರಿಯೆಯನ್ನು ಸಾಧಿಸಿತು. ಆಗ ಟೆಸ್ಲಾ ಇನ್ನೂ ಬದುಕಿದ್ದ, ಪೆಟ್ಟಿಗೆಗಳು ಆತನ ವಶದಲ್ಲೇ ಇದ್ದವು. ಇಷ್ಟಕ್ಕೂ ಪರಮಾಣುವಿನಿಂದ ಶಕ್ತಿ ತೆಗೆಯುವ ಮಾತನ್ನು ಆತ ಭ್ರಮೆಯೆಂದೇ ತಳ್ಳಿಹಾಕಿದ್ದವನು. ಅಮೆರಿಕದ ಬಾಂಬು ಯೋಜನೆಯಲ್ಲಿ ದುಡಿದವರು ಒಂದು ಲಕ್ಷಕ್ಕೂ ಹೆಚ್ಚು ಜನ, ಆದ ಖರ್ಚು ಸುಮಾರು 200 ಕೋಟಿ ಡಾಲರ್. ಕದ್ದ ಒಂದು ಕಾಗದದಿಂದ ಆದ ಕೆಲಸವಲ್ಲ ಅದು.

ಬಾಂಬೇ ಸುಳ್ಳು ಎನ್ನುವವರಿಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಸಾಲು 1960ರ ದಶಕದಿಂದ ನೆಲಕ್ಕೆ ಕಿವಿಗೊಟ್ಟು ಕೂತಿದೆ. ದೂರದೇಶಗಳ ಅಣುಪರೀಕ್ಷೆಗಳನ್ನು ಪತ್ತೆಹಚ್ಚುವುದೇ ಅದರ ಮುಖ್ಯ ಕೆಲಸ. ಭೂಕಂಪದಲ್ಲಿ ಬಂಡೆಗಳು ಜಾರುವುದರಿಂದ ಅಲೆ ಕೆಲವು ದಿಕ್ಕಿಗೆ ನೂಕುತ್ತದೆ, ಕೆಲವು ದಿಕ್ಕಿನಲ್ಲಿ ಎಳೆಯುತ್ತದೆ. ಸ್ಫೋಟವಾದರೋ ಎಲ್ಲ ದಿಕ್ಕಿಗೂ ಹೊರಗೇ ನೂಕುತ್ತದೆ. ಒಂದಕ್ಕೊಂದು ಶತ್ರುಗಳಾದ ದೇಶಗಳ ಮಾಪಕಗಳೂ ಒಂದೇ ಪರೀಕ್ಷೆಯನ್ನು ದಾಖಲಿಸಿವೆ. ಶತ್ರುಗಳೆಲ್ಲ ಸೇರಿ ಒಂದೇ ನಾಟಕ ಆಡುವರೇ? ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕುಳಿದು ವಿಕಿರಣದ ಕಾಯಿಲೆಯಿಂದ ನರಳಿದವರ ಬಾಳೂ ನಾಟಕವಲ್ಲ.

ಹಾಗಾದರೆ ಈ ವದಂತಿಗಳಿಂದ ಯಾರಿಗೇನು ನಷ್ಟ? ನಷ್ಟವಿದೆ. ಬಾಂಬು ಒಬ್ಬ ಮಾಂತ್ರಿಕನ ಪೆಟ್ಟಿಗೆಯಿಂದ ಬಂತೆಂದರೆ ಅದಕ್ಕೆ ಯಾರೂ ಹೊಣೆಯಲ್ಲ. ನಿಜದಲ್ಲಿ ಅದಕ್ಕೆ ಹೆಸರು, ದಿನಾಂಕ, ಬಜೆಟ್ಟು, ಸಹಿ ಎಲ್ಲ ಇವೆ. 1974ರ ಮೇ 18ರ ಪೋಖ್ರಾನ್ ಪರೀಕ್ಷೆಯ ಹಿಂದೆ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರಿದ್ದರು, ಒಪ್ಪಿಗೆ ಕೊಟ್ಟ ಸರ್ಕಾರವಿತ್ತು. ಅದು ಸರಿಯೋ ತಪ್ಪೋ ಎಂದು ವಾದಿಸಲು ಅದಕ್ಕೇ ಸಾಧ್ಯವಾಗಿದೆ.

ಕೂಡ್ಲಿಗಿಗೆ ದೂರವೇನೂ ಅಲ್ಲದ ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10 ಸಾವಿರ ಎಕರೆ ಅಮೃತ ಮಹಲ್ ಕಾವಲು ಭೂಮಿ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹಂಚಿಕೆಯಾಗಿದೆ. ಗೋಡೆ ಎದ್ದ ಕಡೆ ಗಾಳಿಸುದ್ದಿ ಏಳುವುದು ಸಹಜ. ಅಲ್ಲಿನ ಕುರಿಗಾಹಿಗಳು ಮತ್ತು ಅವರ ಪರ ನಿಂತವರು ಬೇರೆ ದಾರಿ ಹಿಡಿದರು: ಮೇವಿನ ನೆಲ ಎಷ್ಟು ಹೋಯಿತು, ಯಾರನ್ನು ಕೇಳಿ ಕೊಟ್ಟಿರಿ ಎಂದು ಹಸಿರು ನ್ಯಾಯಮಂಡಳಿಯ ಮುಂದೆ ಕೇಳಿದರು. ಇಂಥ ಪ್ರಶ್ನೆಗೆ ಸರ್ಕಾರ ಕಾಗದ ತೆಗೆದು ಉತ್ತರಿಸಬೇಕಾಗುತ್ತದೆ. ‘ಸಾವಿನ ಕಿರಣ ಎಲ್ಲಿ’ ಎಂದು ಕೇಳಿದರೆ ಯಾರೂ ಉತ್ತರಿಸಬೇಕಾಗಿಲ್ಲ. ತ್ರೀ ಫೇಸ್ ಯಾಕೆ ರಾತ್ರಿಯೇ ಕೊಡುತ್ತೀರಿ ಎಂಬ ಪ್ರಶ್ನೆಯೂ ಕಾಗದ ತೆಗೆಸುವ ಜಾತಿಯದು. ಹೊಣೆ ಹೊತ್ತವರು ತಪ್ಪಿಸಿಕೊಳ್ಳಲಾಗದ್ದು ಅಂಥ ಪ್ರಶ್ನೆಯಿಂದ ಮಾತ್ರ.