ಬಿಲ್ಲಿನ ಬಿಸಿ ಎಲ್ಲಿದೆ?

ಕರೆಂಟ್ ಬಿಲ್ಲು ಜಾಸ್ತಿ ಬಂದ ದಿನ ಮನೆಯಲ್ಲಿ ಮೊದಲು ಬೈಗುಳ ತಿನ್ನುವುದು ಲೈಟು. ‘ಯಾರು ಹಾಲ್ ಲೈಟ್ ಆರಿಸದೆ ಮಲಗಿದ್ದು?’ ಎಂದು ತನಿಖೆ ಶುರುವಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಆ ತನಿಖೆಗೆ ಹುರುಳಿಲ್ಲ. 9 ವ್ಯಾಟ್‌ನ ಎಲ್‌ಇಡಿ ಬಲ್ಬು ರಾತ್ರಿ ಹತ್ತು ಗಂಟೆ ಉರಿದರೆ ಆಗುವ ಖರ್ಚು 60 ಪೈಸೆಯ ಆಸುಪಾಸು. ಬೆಳಿಗ್ಗೆ ಎದ್ದು ತನಿಖಾಧಿಕಾರಿಗಳು ಗೀಸರ್‌ನ ಒಂದು ಬಕೆಟ್ ಬಿಸಿನೀರು ಮೈಮೇಲೆ ಹುಯ್ದುಕೊಂಡರೆ 2 ರೂಪಾಯಿ 70 ಪೈಸೆ. 60 ವ್ಯಾಟ್‌ನ ಬುರುಡೆ ಬಲ್ಬಿನ ಕಾಲದಲ್ಲಿ ಲೈಟಿಗೆ ಬೈಯುವುದಕ್ಕೆ ಅರ್ಥವಿತ್ತು. ಬಲ್ಬು ಬದಲಾಯಿತು, ಬೈಗುಳ ಮಾತ್ರ ಹಾಗೇ ಉಳಿಯಿತು.

ಲೆಕ್ಕದ ಸೂತ್ರ ಐದನೇ ಕ್ಲಾಸಿನ ಮಗುವಿಗೂ ಬರುವಂಥದ್ದು. ಉಪಕರಣದ ವ್ಯಾಟ್ ಅನ್ನು ಅದು ನಡೆದ ಗಂಟೆಯಿಂದ ಗುಣಿಸಿ, 1000ದಿಂದ ಭಾಗಿಸಿದರೆ ಯೂನಿಟ್ ಸಿಕ್ಕಿತು. 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಸತತವಾಗಿ ಒಂದು ಗಂಟೆ ಕಾದರೆ ಒಂದು ಯೂನಿಟ್. 100 ವ್ಯಾಟ್‌ನ ಟಿವಿ ಹತ್ತು ಗಂಟೆ ಓಡಿದರೂ ಒಂದೇ ಯೂನಿಟ್. ಬೆಲೆಗೆ ಬಂದರೆ, ಕರ್ನಾಟಕದಲ್ಲಿ ಮನೆಬಳಕೆಯ ಸ್ಲ್ಯಾಬ್‌ಗಳನ್ನು ತೆಗೆದು 2024ರ ಏಪ್ರಿಲ್‌ನಿಂದ ಯೂನಿಟ್‌ಗೆ 5 ರೂ. 90 ಪೈಸೆಯ ಒಂದೇ ದರ ತಂದರು. ಅದರ ಮೇಲೆ ಶೇ. 9ರಷ್ಟು ತೆರಿಗೆ ಸೇರಿದರೆ 6 ರೂ. 43 ಪೈಸೆ. ದರ ವರ್ಷವರ್ಷ ಅಷ್ಟಿಷ್ಟು ಆಚೀಚೆ ಆಗುತ್ತಿರುತ್ತದೆ. ಬಾಯಿಲೆಕ್ಕಕ್ಕೆ ಆರೂವರೆ ರೂಪಾಯಿ ಅಂತ ಇಟ್ಟುಕೊಂಡರೆ ಮೋಸವಿಲ್ಲ. ಮಂಜೂರಾದ ಲೋಡಿನ ಮೇಲೆ ಕಿಲೋವ್ಯಾಟ್‌ಗೆ ಇಷ್ಟು ಎಂದು ಬೀಳುವ ನಿಗದಿತ ಶುಲ್ಕ ಬೇರೆ. ಅದು ನೀವು ಕತ್ತಲಲ್ಲಿ ಕೂತರೂ ತಪ್ಪುವುದಿಲ್ಲ, ಹಾಗಾಗಿ ಉಳಿತಾಯದ ಲೆಕ್ಕದಿಂದ ಅದನ್ನು ಹೊರಗಿಡಬೇಕು.

ಮನೆಯ ಉಪಕರಣಗಳಲ್ಲಿ ಬಿಸಿ ಮಾಡುವಂಥವೇ ಒಂದು ಜಾತಿ, ಉಳಿದವೆಲ್ಲ ಇನ್ನೊಂದು ಜಾತಿ. ನೀರು ಕಾಯಿಸುವುದಕ್ಕೆ ಒಂದು ಸುಲಭದ ಲೆಕ್ಕವಿದೆ: ನೀರು ಎಷ್ಟು ಲೀಟರ್, ಎಷ್ಟು ಡಿಗ್ರಿ ಏರಬೇಕು, ಇವೆರಡನ್ನೂ ಗುಣಿಸಿ 860ರಿಂದ ಭಾಗಿಸಿ. 20 ಲೀಟರ್ ಬಕೆಟ್, ತಣ್ಣೀರು 24 ಡಿಗ್ರಿ, ಮೈಗೆ ಹಿತವಾಗಲು 42 ಡಿಗ್ರಿ ಬೇಕು. ಏರಬೇಕಾದ್ದು 18. ಇಪ್ಪತ್ತನ್ನು ಹದಿನೆಂಟರಿಂದ ಗುಣಿಸಿದರೆ 360, ಭಾಗಿಸಿದರೆ 0.42 ಯೂನಿಟ್. ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ಎಂದರೂ ತಿಂಗಳಿಗೆ 50 ಯೂನಿಟ್, 325 ರೂಪಾಯಿ. ಇದು ಊರಿಂದೂರಿಗೆ ಬದಲಾಗುತ್ತದೆ. ನಲ್ಲಿಯಲ್ಲಿ 28 ಡಿಗ್ರಿಯ ನೀರು ಬರುವ ಕರಾವಳಿಯಲ್ಲಿ ಅದೇ ಬಕೆಟ್‌ಗೆ 0.33 ಯೂನಿಟ್ ಸಾಕು. ಡಿಸೆಂಬರ್‌ನಲ್ಲಿ ನೀರು 18 ಡಿಗ್ರಿಗೆ ಇಳಿಯುವ ಕಡೆ 0.56 ಬೇಕು. ಮಲೆನಾಡಿನಲ್ಲಿ ಇವತ್ತಿಗೂ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಹಾಕಿ ಹಂಡೆ ಒಲೆ ಉರಿಸುವ ಮನೆಗಳವರು ಹಳೇ ಕಾಲದವರೆಂದು ನಗುವವರು ಈ ಅಂಕಿಯನ್ನೊಮ್ಮೆ ನೋಡಬೇಕು.

ಬಿಸಿ ಎಷ್ಟು ದುಬಾರಿ ಎನ್ನುವುದಕ್ಕೆ ಸಂಪಿನ ಮೋಟರನ್ನು ಪಕ್ಕದಲ್ಲಿಟ್ಟು ನೋಡಿ. ಸಾವಿರ ಲೀಟರ್ ನೀರನ್ನು ಹತ್ತು ಮೀಟರ್ ಮೇಲಿರುವ ಟ್ಯಾಂಕಿಗೆ ಎತ್ತಲು ಭೌತಶಾಸ್ತ್ರ ಕೇಳುವುದು 0.027 ಯೂನಿಟ್. ಮನೆಯ ಸಣ್ಣ ಪಂಪು ಮುಕ್ಕಾಲು ಪಾಲು ವ್ಯರ್ಥ ಮಾಡುತ್ತದೆ ಎಂದುಕೊಂಡರೂ 0.1 ಯೂನಿಟ್. ಅಂದರೆ ಒಂದು ಬಕೆಟ್ ನೀರು ಕಾಯಿಸುವ ಕರೆಂಟಿನಲ್ಲಿ ನಾಲ್ಕು ಸಾವಿರ ಲೀಟರ್ ನೀರು ಮೂರನೇ ಮಹಡಿಗೆ ಏರುತ್ತದೆ. ಮೋಟರ್ ಗರ್ ಎಂದು ಸದ್ದು ಮಾಡುವುದರಿಂದ ಅದಕ್ಕೆ ಕೆಟ್ಟ ಹೆಸರು. ಗೀಸರ್ ಮಾತಾಡದೆ ತನ್ನ ಕೆಲಸ ಮುಗಿಸುತ್ತದೆ. ಮಿಕ್ಸಿಯದೂ ಇದೇ ಕತೆ. 750 ವ್ಯಾಟ್‌ನ ಮಿಕ್ಸಿಯಲ್ಲಿ ಹತ್ತು ನಿಮಿಷ ಚಟ್ನಿ, ಮಸಾಲೆ ರುಬ್ಬಿದರೆ 0.125 ಯೂನಿಟ್, ಎಂಬತ್ತು ಪೈಸೆ.

ಗೀಸರನ್ನು ದಿನವಿಡೀ ಹಾಕಿಟ್ಟರೆ ಕರೆಂಟ್ ಉಳಿಯುತ್ತದೆ, ಮತ್ತೆ ಮತ್ತೆ ಕಾಯಿಸುವುದೇ ದಂಡ ಎಂದು ಹೇಳುವವರು ಎಲ್ಲ ಬೀದಿಯಲ್ಲೂ ಇದ್ದಾರೆ. ತಪ್ಪು. ಬಿಸಿನೀರಿನ ಟ್ಯಾಂಕಿನಿಂದ ಶಾಖ ಹೊರಗೆ ಸೋರುತ್ತಲೇ ಇರುತ್ತದೆ, ಒಳಗಿನ ನೀರು ಬಿಸಿಯಾಗಿದ್ದಷ್ಟೂ ಸೋರಿಕೆ ಹೆಚ್ಚು. ಆರಿಸಿಟ್ಟರೆ ನೀರು ತಣಿದಂತೆಲ್ಲ ಸೋರಿಕೆಯೂ ತಣಿಯುತ್ತದೆ. 24 ಗಂಟೆಗೆ ಹೀಗೆ ಎಷ್ಟು ಪೋಲಾಗುತ್ತದೆ ಎಂಬುದನ್ನು ಗೀಸರಿನ ಸ್ಟಾರ್ ಲೇಬಲ್ಲಿನಲ್ಲೇ ಮುದ್ರಿಸಿರುತ್ತಾರೆ. ಕೊಳ್ಳುವಾಗ ನಕ್ಷತ್ರ ಎಣಿಸುವ ಬದಲು ಆ ಅಂಕಿ ಓದುವುದು ಲೇಸು.

ಇನ್ನೊಂದು ಜಾತಿಯವು ಸಣ್ಣಗೆ, ಆದರೆ ಬಿಡದೆ ಎಳೆಯುವಂಥವು. ವೈಫೈ ರೌಟರ್ ಬರೀ 10 ವ್ಯಾಟ್. ತಿಂಗಳೆಲ್ಲ ಹಗಲೂ ರಾತ್ರಿ ಎಂದರೆ 7 ಯೂನಿಟ್. ಮೊಬೈಲ್ ಚಾರ್ಜರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಒಂದು ಯೂನಿಟ್‌ನಲ್ಲಿ ನಲವತ್ತು ಸಲ ಫೋನು ತುಂಬುತ್ತದೆ. ಫ್ರಿಜ್ಜು ಮಾತ್ರ ಗಮನಿಸಬೇಕಾದ ಆಸಾಮಿ. ಹೊಸದಾದರೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಲೇಬಲ್ಲೇ ಹೇಳುತ್ತದೆ. ರಬ್ಬರ್ ಸಡಿಲವಾದ ಹಳೇ ಫ್ರಿಜ್ಜಿಗೆ ಲೇಬಲ್ ಎಲ್ಲಿಂದ ತರುವುದು? ಮೀಟರನ್ನೇ ಕೇಳಬೇಕು.

ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ಚುಕ್ಕಿ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ‘3200 ಇಂಪ್/ಕೆಡಬ್ಲ್ಯುಎಚ್’ ಎಂಬಂಥ ಸಣ್ಣ ಬರಹ ಇರುತ್ತದೆ, 3200 ಸಲ ಮಿನುಗಿದರೆ ಒಂದು ಯೂನಿಟ್ ಎಂದು ಅರ್ಥ. ಕೆಲವು ಮೀಟರುಗಳಲ್ಲಿ ಈ ಸಂಖ್ಯೆ ಬೇರೆ. 3200ರ ಮೀಟರಾದರೆ ನಿಮಿಷಕ್ಕೊಂದು ಮಿನುಗು ಎಂದರೆ ಸುಮಾರು 19 ವ್ಯಾಟ್. ಮನೆಯ ಎಲ್ಲ ಸ್ವಿಚ್ಚು ಆರಿಸಿ, ಒಂದು ಫ್ಯಾನ್ ಮಾತ್ರ ಪೂರ್ತಿ ವೇಗದಲ್ಲಿ ಹಾಕಿ, ಗಡಿಯಾರ ಹಿಡಿದು ಎಣಿಸಿ. ನಿಮಿಷಕ್ಕೆ ನಾಲ್ಕು ಬಂದರೆ ಅದು 75 ವ್ಯಾಟ್‌ನ ಮಾಮೂಲಿ ಫ್ಯಾನ್. ಗೀಸರ್ ಹಾಕಿದರೆ ಎಣಿಸಲು ಪುರುಸೊತ್ತೇ ಕೊಡುವುದಿಲ್ಲ, ಸೆಕೆಂಡಿಗೆ ಎರಡರ ಹತ್ತಿರ ಬರುತ್ತದೆ. ಫ್ರಿಜ್ಜು ನಡುನಡುವೆ ನಿಂತು ಓಡುವುದರಿಂದ ಅದಕ್ಕೆ ಈ ಎಣಿಕೆ ಒಗ್ಗದು. ರಾತ್ರಿ ಮಲಗುವಾಗಲೂ ಬೆಳಿಗ್ಗೆ ಎದ್ದಾಗಲೂ ರೀಡಿಂಗ್ ಬರೆದುಕೊಂಡು, ಫ್ಯಾನಿನ ಲೆಕ್ಕ ಕಳೆಯಿರಿ. ಎಲ್ಲ ಆರಿಸಿದ ಮೇಲೂ ಚುಕ್ಕಿ ಬಿಡದೆ ಮಿನುಗುತ್ತಿದ್ದರೆ ಒಂದೋ ಟಿವಿ, ಸೆಟ್‌ಟಾಪ್ ಬಾಕ್ಸು, ಯುಪಿಎಸ್ ಅರೆನಿದ್ದೆಯಲ್ಲಿವೆ, ಇಲ್ಲವೇ ವೈರಿಂಗ್‌ನಲ್ಲಿ ಸೋರಿಕೆಯಿದೆ. ಎರಡನೆಯದಾದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸುವುದು ದುಡ್ಡಿನ ಉಳಿತಾಯಕ್ಕಿಂತ ಜೀವದ ಉಳಿತಾಯ.

ಹೊಸದನ್ನು ಕೊಂಡರೆ ಎಷ್ಟು ಉಳಿಯುತ್ತದೆ? ಇಲ್ಲಿ ಅಂಗಡಿಯವರ ಮಾತಿಗಿಂತ ಗಂಟೆಯ ಮಾತು ಕೇಳಬೇಕು. 75 ವ್ಯಾಟ್‌ನ ಫ್ಯಾನ್ ತೆಗೆದು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 45 ವ್ಯಾಟ್ ಉಳಿತಾಯ. ಮಲಗುವ ಕೋಣೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಫ್ಯಾನಾದರೆ ತಿಂಗಳಿಗೆ 16 ಯೂನಿಟ್, ನೂರು ರೂಪಾಯಿ ಮಿಗುತ್ತದೆ. ಮೂರು ಸಾವಿರದ ಫ್ಯಾನು ಎರಡೂವರೆ ವರ್ಷದಲ್ಲಿ ತನ್ನ ದುಡ್ಡು ತಾನೇ ದುಡಿಯುತ್ತದೆ. ನೆಂಟರು ಬಂದಾಗ ಮಾತ್ರ ತಿರುಗುವ ಫ್ಯಾನಿಗೆ ಈ ಖರ್ಚು ಶುದ್ಧ ಶೋಕಿ. ಇನ್ನು ಗೋಡೆಯ ಮೇಲಿನ ಹಳೇ ದಪ್ಪ ಡಬ್ಬಿ ರೆಗ್ಯುಲೇಟರ್ ಇದ್ದರೆ, ಫ್ಯಾನ್ ನಿಧಾನ ಮಾಡಿದಾಗ ಉಳಿಯಬೇಕಾದ ಕರೆಂಟಿನ ದೊಡ್ಡ ಪಾಲು ಆ ಡಬ್ಬಿಯನ್ನೇ ಬಿಸಿ ಮಾಡುತ್ತದೆ. ಅದನ್ನು ಬದಲಿಸುವುದು ಅಗ್ಗದ ಕೆಲಸ. ಏಸಿ ಕೊಳ್ಳುವವರು ಲೇಬಲ್ಲಿನ ವಾರ್ಷಿಕ ಯೂನಿಟ್ 1600 ಗಂಟೆಗೆ ಹಾಕಿದ್ದು ಎಂಬುದನ್ನು ನೆನಪಿಟ್ಟುಕೊಂಡು ತಮ್ಮ ಬಳಕೆಗೆ ತಕ್ಕಂತೆ ಇಳಿಸಿಯೋ ಏರಿಸಿಯೋ ನೋಡಬೇಕು. ರಾಯಚೂರು, ಕಲಬುರಗಿಯ ಒಣ ಬೇಸಿಗೆಗೆ 200 ವ್ಯಾಟ್‌ನೊಳಗಿನ ಕೂಲರ್ ಒಗ್ಗುವಷ್ಟು ಮಂಗಳೂರಿನ ಸೆಕೆಗೆ ಒಗ್ಗುವುದಿಲ್ಲ. ಗಾಳಿಯಲ್ಲಿ ಆಗಲೇ ತುಂಬಿರುವ ತೇವಕ್ಕೆ ಇನ್ನಷ್ಟು ತೇವ ಸೇರಿದರೆ ತಂಪೆಲ್ಲಿ?

ಈ ಎಲ್ಲ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಗೃಹಜ್ಯೋತಿ. 2023ರ ಜುಲೈನ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ, 2022-23ರ ತಿಂಗಳ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಉಚಿತ, ಮೇಲ್ಮಿತಿ 200 ಯೂನಿಟ್. ಸರಾಸರಿ 170 ಇದ್ದ ಮನೆಗೆ 187 ಯೂನಿಟ್ ಪುಕ್ಕಟೆ. ಆ ಮನೆ 150 ಬಳಸಲಿ, 185 ಬಳಸಲಿ, ಬಿಲ್ಲು ಸೊನ್ನೆ. ಅಲ್ಲಿ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಉಳಿಯುವುದು ಸರ್ಕಾರದ ದುಡ್ಡು, ಮನೆಯವರದಲ್ಲ. ಇದನ್ನು ಮುಚ್ಚಿಟ್ಟು ಉಳಿತಾಯದ ಉಪದೇಶ ಮಾಡುವುದು ಸರಿಯಲ್ಲ. 199 ಯೂನಿಟ್ ಬಳಸಿದರೆ ಹೆಚ್ಚುವರಿ 12ಕ್ಕೆ ಮಾತ್ರ, ಸುಮಾರು 77 ರೂಪಾಯಿ. 201 ಆಯಿತೋ, ಪೂರಾ ಬಿಲ್ಲು ತಲೆಗೆ: ನಿಗದಿತ ಶುಲ್ಕ ಬಿಟ್ಟರೂ 1,290 ರೂಪಾಯಿ. ಕೊನೆಯ ಆ ಎರಡು ಯೂನಿಟ್‌ನ ಬೆಲೆ 1,200 ದಾಟಿತು. ಹಾಗಾಗಿ ಇಂಥ ಮನೆಗೆ ಬೇಕಾದ್ದು ವರ್ಷವಿಡೀ ಜಿಪುಣತನ ಅಲ್ಲ. ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ರೀಡಿಂಗ್ ಆದ ಹದಿನೈದನೇ ದಿನ ಮೀಟರ್ ನೋಡುವ ಅಭ್ಯಾಸ. ಅಷ್ಟರಲ್ಲಿ 95 ದಾಟಿದ್ದರೆ ಉಳಿದರ್ಧ ತಿಂಗಳು ಹುಷಾರಾಗಿರಬೇಕು.

ಇಂಡಕ್ಷನ್ ಒಲೆಯ ಆಸೆ ಇರುವವರೂ ಇದೇ ಗೆರೆಯನ್ನು ನೋಡಬೇಕು. 14.2 ಕೆ.ಜಿ. ಸಿಲಿಂಡರಿನಲ್ಲಿ ಇರುವ ಶಾಖ ಸುಮಾರು 180 ಯೂನಿಟ್‌ಗೆ ಸಮ. ಅದರಲ್ಲಿ ಪಾತ್ರೆಗೆ ತಲುಪುವುದು ಮೂರರಲ್ಲಿ ಎರಡು ಪಾಲು, 120. ಅಷ್ಟೇ ಶಾಖ ಕೊಡಲು ಇಂಡಕ್ಷನ್ನಿಗೆ 140 ಯೂನಿಟ್ ಬೇಕು, ಅಂದರೆ 900 ರೂಪಾಯಿ. ಸಿಲಿಂಡರ್ ಬೆಲೆ ಅದರ ಆಸುಪಾಸಿನಲ್ಲಿರುವವರೆಗೆ ದುಡ್ಡು ಕೊಟ್ಟು ಕರೆಂಟ್ ಬಳಸುವವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಗೃಹಜ್ಯೋತಿಯ ಮನೆಯವರು ಅಡುಗೆಯನ್ನೆಲ್ಲ ಕರೆಂಟಿಗೆ ತಂದರೆ 200 ದಾಟುವುದು ಖಂಡಿತ. ತಮ್ಮ ಪಾಲಿನ ಉಚಿತದಲ್ಲಿ ತಿಂಗಳಿಗೆ 15 ಯೂನಿಟ್ ಮಿಗುತ್ತಿದ್ದರೆ ಹಾಲು, ಕಾಫಿ, ಕುಡಿಯುವ ನೀರಿಗಷ್ಟೇ ಇಂಡಕ್ಷನ್ ಇಟ್ಟುಕೊಳ್ಳಲಿ. ಎರಡು ತಿಂಗಳು ಬರುವ ಸಿಲಿಂಡರಿನಲ್ಲಿ ತಿಂಗಳಿಗೆ ಆರು ದಿನದ ಗ್ಯಾಸ್ ಉಳಿಯುತ್ತದೆ.