ಚಳಿಗಾಲದ ಕೆಲಸದ ಕೋಣೆಗೆ ಯಾವ ಹೀಟರ್ ಸೂಕ್ತ?

ದೆಹಲಿಯ ಚಳಿಯನ್ನು ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. 2019ರ ಡಿಸೆಂಬರ್ 30ರಂದು ಸಫ್ದರ್‌ಜಂಗ್‌ನಲ್ಲಿ ಹಗಲಿನ ಗರಿಷ್ಠ ತಾಪಮಾನವೇ 9.4 ಡಿಗ್ರಿ ಸೆಲ್ಸಿಯಸ್ ಆಗಿತ್ತು. 2021ರ ಜನವರಿ 1ರ ಮುಂಜಾನೆ ಕನಿಷ್ಠ ತಾಪಮಾನ 1.1 ಡಿಗ್ರಿಗೆ ಇಳಿದಿತ್ತು. ಮಹಡಿಯ ಮೇಲಿನ ಮನೆಗಳಿಗೆ ಮಧ್ಯಾಹ್ನದ ಹೊತ್ತಾದರೂ ಒಂದಿಷ್ಟು ಬಿಸಿಲು ದೊರೆಯುತ್ತದೆ. ಆದರೆ ಲಕ್ಷ್ಮೀ ನಗರದಂತಹ ಬಡಾವಣೆಗಳ ಇಕ್ಕಟ್ಟಾದ ಗಲ್ಲಿಗಳಲ್ಲಿ, ಒಂದಕ್ಕೊಂದು ಅಂಟಿಕೊಂಡ ಕಟ್ಟಡಗಳ ನೆಲ ಅಂತಸ್ತಿಗೆ ಆ ಭಾಗ್ಯವೂ ಇಲ್ಲ. ವಾಹನ ನಿಲ್ಲಿಸಲೆಂದು ಶಟರ್ ಹಾಕಿ ಕಟ್ಟಿದ ಇಂತಹ ಕೋಣೆಗಳು ಎಷ್ಟೋ ಕಡೆ ಮರಗೆಲಸ, ಹೊಲಿಗೆ, ರೇಡಿಯೋ ಮತ್ತು ಕಂಪ್ಯೂಟರ್ ದುರಸ್ತಿಯಂತಹ ಕೆಲಸಗಳ ತಾಣವಾಗಿರುತ್ತವೆ. ಅಲ್ಲಿ ಕೈಬೆರಳುಗಳು ಸೆಟೆದುಕೊಂಡಾಗ ಉಳಿ ಜಾರುತ್ತದೆ, ಸೂಜಿ ಚುಚ್ಚುತ್ತದೆ. ಆದ್ದರಿಂದ ಬೆಚ್ಚಗಿನ ವ್ಯವಸ್ಥೆ ಅಲ್ಲಿ ಅವಶ್ಯಕವೇ. ಯಾವ ವ್ಯವಸ್ಥೆ ಎಂಬುದೇ ಪ್ರಶ್ನೆ.

ಅಗ್ಗಿಷ್ಟಿಕೆ ಬೇಡ

ಮೊದಲು ಬೇಡವಾದುದನ್ನು ಹೇಳಿಬಿಡುವುದು ಒಳಿತು. ನಮ್ಮ ‘ಅಗ್ಗಿಷ್ಟಿಕೆ’ಯೂ ಹಿಂದಿಯ ‘ಅಂಗೀಠಿ’ಯೂ ಒಂದೇ ಸಂಸ್ಕೃತ ಮೂಲದಿಂದ ಬಂದ ಪದಗಳು. ಮಲೆನಾಡಿನ ಹಂಚಿನ ಮನೆಯಲ್ಲಿ ಬೆಂಕಿ ಕಾಯಿಸಿಕೊಂಡು ಬೆಳೆದವರಿಗೆ ಕೆಂಡದ ಮೇಲೆ ಸಹಜವಾಗಿಯೇ ವಿಶ್ವಾಸವಿರುತ್ತದೆ. ಆದರೆ ಅಲ್ಲಿ ಹಂಚಿನ ಸಂದುಗಳಿಂದ ಹೊಗೆಯೂ ವಿಷಾನಿಲವೂ ಹೊರಹೋಗುತ್ತಿದ್ದವು. ಕಾಂಕ್ರೀಟ್ ಛಾವಣಿಯ, ಶಟರ್ ಎಳೆದ ಕೋಣೆಯಲ್ಲಿ ಅವಕ್ಕೆ ದಾರಿಯಿಲ್ಲ.

ಇದ್ದಿಲು ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ನೊಡನೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಇದರ ಮೊದಲ ಲಕ್ಷಣಗಳು; ನಿದ್ರೆಯಲ್ಲಿದ್ದವರಿಗೆ ಆ ಮುನ್ಸೂಚನೆಯೂ ಸಿಗುವುದಿಲ್ಲ. 2024ರ ಜನವರಿ ಮಧ್ಯಭಾಗದಲ್ಲಿ ಅಲಿಪುರ ಹಾಗೂ ಇಂದ್ರಪುರಿ ಪ್ರದೇಶಗಳಲ್ಲಿ ನಡೆದ ಎರಡು ಪ್ರತ್ಯೇಕ ಘಟನೆಗಳಲ್ಲಿ, ಕೋಣೆಯೊಳಗೆ ಅಂಗೀಠಿ ಹೊತ್ತಿಸಿ ಮಲಗಿದ್ದ ಆರು ಮಂದಿ ಅಸುನೀಗಿದರು. ಅವರಲ್ಲಿ ಇಬ್ಬರು ಮಕ್ಕಳು. ಪಕ್ಕದಲ್ಲಿ ನೀರಿನ ಬಟ್ಟಲನ್ನಿಟ್ಟರೆ ಅಪಾಯವಿಲ್ಲವೆಂಬ ನಂಬಿಕೆ ನಿರಾಧಾರವಾದುದು. ಈ ಅನಿಲವನ್ನು ನೀರು ಹೀರಿಕೊಳ್ಳುವುದಿಲ್ಲ. ಅಡುಗೆ ಅನಿಲದ ಹೀಟರ್‌ಗಳೂ ಮುಚ್ಚಿದ ಕೋಣೆಗೆ ಸಲ್ಲವು. ಅವು ಕೋಣೆಯ ಆಮ್ಲಜನಕವನ್ನೇ ಬಳಸಿ ಉರಿಯುತ್ತವೆ.

ಹೊರಗಿನ ಗಾಳಿಯ ದೃಷ್ಟಿಯಿಂದಲೂ ಇದು ಮುಖ್ಯ. ದೆಹಲಿಯ ವಾಯುಮಾಲಿನ್ಯ ನಿಯಂತ್ರಣಕ್ಕಾಗಿ ಜಾರಿಗೆ ಬಂದ ‘ಗ್ರಾಪ್’ ಕ್ರಮಗಳಲ್ಲಿ, ಕಾವಲುಗಾರರು ಬೆಂಕಿ ಹಾಕದಂತೆ ನಿವಾಸಿಗಳ ಸಂಘಗಳೇ ಅವರಿಗೆ ವಿದ್ಯುತ್ ಹೀಟರ್ ಒದಗಿಸಬೇಕೆಂಬ ಸೂಚನೆಯೂ ಸೇರಿದೆ.

ಬಿಸಿ ಎಲ್ಲಿ ಸೋರುತ್ತದೆ?

ವಿದ್ಯುತ್ ಹೀಟರ್ ಕೊಳ್ಳುವ ಮುನ್ನ ಒಂದು ಸಣ್ಣ ಲೆಕ್ಕವನ್ನು ಗಮನಿಸೋಣ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯ ಗಾಳಿಯನ್ನು ಮಾತ್ರ 10 ಡಿಗ್ರಿ ಬಿಸಿ ಮಾಡಲು ಬೇಕಾಗುವುದು ಒಂದು ಯೂನಿಟ್ಟಿನ ಸುಮಾರು ಒಂಬತ್ತನೇ ಒಂದು ಭಾಗ ವಿದ್ಯುತ್. 2000 ವ್ಯಾಟ್ ಹೀಟರ್ ಇದನ್ನು ನಾಲ್ಕು ನಿಮಿಷದೊಳಗೆ ಪೂರೈಸಬಲ್ಲದು. ಆದರೂ ಕೋಣೆ ತಣ್ಣಗಿರುವುದೇಕೆ? ಗೋಡೆ, ನೆಲ ಮತ್ತು ತೆಳುವಾದ ಲೋಹದ ಶಟರ್ ಶಾಖವನ್ನು ಹೀರಿಕೊಳ್ಳುತ್ತವೆ. ಶಟರ್‌ನ ಸಂದುಗಳಿಂದ ಬಿಸಿ ಗಾಳಿ ಹೊರಹೋಗಿ ತಣ್ಣನೆಯ ಗಾಳಿ ಒಳಬರುತ್ತದೆ. ಆದಕಾರಣ ಶಟರ್‌ನ ಕೆಳಭಾಗಕ್ಕೆ ರಬ್ಬರ್ ಪಟ್ಟಿ, ಒಳಬದಿಗೆ ದಪ್ಪನೆಯ ಪರದೆ, ನಿಲ್ಲುವ ಜಾಗದಲ್ಲಿ ಹಲಗೆ ಅಥವಾ ರಬ್ಬರ್ ಚಾಪೆ, ಇವು ಹೀಟರ್‌ಗಿಂತ ಮೊದಲು ಆಗಬೇಕಾದ ಖರ್ಚುಗಳು.

ನಾಲ್ಕು ಬಗೆಯ ಹೀಟರ್‌ಗಳು

ಕೆಂಪಗೆ ಕಾಯುವ ರಾಡ್ ಅಥವಾ ಹ್ಯಾಲೊಜನ್ ಹೀಟರ್ ಗಾಳಿಗಿಂತ ಹೆಚ್ಚಾಗಿ ಎದುರಿಗಿರುವ ಮೈಯನ್ನೇ ಬೆಚ್ಚಗಾಗಿಸುತ್ತದೆ. ಗಾಳಿಯಾಡುವ ಕೋಣೆಯಲ್ಲಿ ಅರ್ಧ, ಒಂದು ಗಂಟೆ ಕುಳಿತು ಮಾಡುವ ಕೆಲಸಕ್ಕೆ ಇದು ಅಗ್ಗವೂ ಸೂಕ್ತವೂ ಹೌದು. ಅದು ಆಮ್ಲಜನಕವನ್ನು ‘ತಿನ್ನುತ್ತದೆ’ ಎಂಬ ಮಾತು ಸರಿಯಲ್ಲ. ಅಲ್ಲಿ ಏನೂ ಉರಿಯುವುದಿಲ್ಲ. ಆದರೆ ಥಿನ್ನರ್, ವಾರ್ನಿಷ್, ಮರದ ಹೊಟ್ಟು ಇರುವಲ್ಲಿ ಅದರ ಕೆಂಪು ತಂತಿ ಬೆಂಕಿಕಡ್ಡಿಗೆ ಸಮಾನ.

ಬ್ಲೋಯರ್ ಬೇಗನೆ ಬಿಸಿ ನೀಡುತ್ತದೆ. ಆದರೆ ಅದು ಧೂಳನ್ನು ಎಬ್ಬಿಸುತ್ತದೆ, ಹೊಟ್ಟನ್ನು ಒಳಗೆಳೆದುಕೊಳ್ಳುತ್ತದೆ. ಮರಗೆಲಸದವರು ಇದನ್ನು ಬಿಡುವುದೇ ಲೇಸು.

ಆಯಿಲ್ ಹೀಟರ್‌ನಲ್ಲಿ ಎಣ್ಣೆ ಉರಿಯುವುದಿಲ್ಲ, ಶಾಖವನ್ನು ಹಿಡಿದಿಡುತ್ತದೆಯಷ್ಟೆ; ಅದನ್ನು ಮತ್ತೆ ತುಂಬಬೇಕಾಗಿಯೂ ಇಲ್ಲ. ಬಿಸಿಯೇರಲು ಅರ್ಧ ಗಂಟೆಯಾದರೂ ಬೇಕು. ಸಂದು ಮುಚ್ಚಿದ ಕೋಣೆಯಲ್ಲಿ ದಿನಕ್ಕೆ ಮೂರು ನಾಲ್ಕು ಗಂಟೆ ಕೆಲಸ ಮಾಡುವವರಿಗೆ ಇದು ಹೊಂದುತ್ತದೆ. ಕೆಂಪಗೆ ಕಾಯುವ ತಂತಿ ಹೊರಗೆ ತೆರೆದುಕೊಂಡಿರುವುದಿಲ್ಲ.

ಈ ಮೂರರ ನಡುವೆ ‘ವಿದ್ಯುತ್ ಉಳಿತಾಯ’ದ ವ್ಯತ್ಯಾಸವಿದೆಯೆಂದು ಅಂಗಡಿಯವರು ಹೇಳಿದರೆ ನಂಬಬೇಕಾಗಿಲ್ಲ. 2000 ವ್ಯಾಟ್ ಎಂದರೆ ಯಾವುದಾದರೂ ಗಂಟೆಗೆ ಎರಡು ಯೂನಿಟ್, ದೊರೆಯುವ ಶಾಖವೂ ಅಷ್ಟೇ. ನಿಜವಾದ ಉಳಿತಾಯವಿರುವುದು ನಾಲ್ಕನೆಯ ಬಗೆಯಾದ ‘ಹಾಟ್ ಅಂಡ್ ಕೋಲ್ಡ್’ ಇನ್ವರ್ಟರ್ ಎ.ಸಿ.ಯಲ್ಲಿ. ಅದು ಶಾಖವನ್ನು ಉತ್ಪಾದಿಸುವ ಬದಲು ಹೊರಗಿನ ಗಾಳಿಯಿಂದ ಒಳಗೆ ಸಾಗಿಸುತ್ತದೆ. ದೆಹಲಿಯ ಚಳಿಯಲ್ಲಿ ಒಂದು ಯೂನಿಟ್ಟಿಗೆ ಎರಡೂವರೆಯಿಂದ ಮೂರು ಯೂನಿಟ್ಟಿನಷ್ಟು ಶಾಖವನ್ನು ಅದರಿಂದ ನಿರೀಕ್ಷಿಸಬಹುದು. 2000 ವ್ಯಾಟ್ ಹೀಟರನ್ನು ದಿನಕ್ಕೆ ಮೂರು ಗಂಟೆಯಂತೆ 60 ದಿನ ಉರಿಸಿದರೆ 360 ಯೂನಿಟ್. ಅಷ್ಟೇ ಶಾಖಕ್ಕೆ ಈ ಎ.ಸಿ.ಗೆ 120ರಿಂದ 145 ಯೂನಿಟ್ ಸಾಕು. ಆದರೆ ಅದರ ಬೆಲೆ ಹೀಟರ್‌ಗಿಂತ ಹಲವು ಪಟ್ಟು. ಬೇಸಿಗೆಯಲ್ಲಿಯೂ ಬಳಸುವವರಿಗೆ, ಇಡೀ ದಿನ ದುಡಿಯುವವರಿಗೆ ಮಾತ್ರ ಅದು ಲಾಭಕರ. ಧೂಳಿನ ಕೋಣೆಯಲ್ಲಿ ಅದರ ಜಾಲರಿಯನ್ನು ಆಗಾಗ್ಗೆ ತೊಳೆಯಬೇಕು.

ತಂತಿಯ ವಿಚಾರ

ಹೀಟರ್ ಎಷ್ಟೇ ಉತ್ತಮವಾಗಿದ್ದರೂ ಹಳೆಯ ತಂತಿ ಅದನ್ನು ಅಪಾಯಕ್ಕೆ ದೂಡಬಲ್ಲದು. 2000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್‌ನ ಸಣ್ಣ ಸಾಕೆಟ್‌ಗೆ ಇದು ಮೀರಿದ ಹೊರೆ. 16 ಆಂಪಿಯರ್ ಸಾಕೆಟ್, ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ತಂತಿ, ಸರಿಯಾದ ಅರ್ಥಿಂಗ್, ಎಂ.ಸಿ.ಬಿ. ಮತ್ತು 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಇರಲೇಬೇಕು. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಹೀಟರ್ ನಡೆಸಕೂಡದು. ಗೀಸರ್ ಮತ್ತು ಹೀಟರ್ ಒಟ್ಟಿಗೆ ನಡೆದರೆ ನಾಲ್ಕು ಕಿಲೋವ್ಯಾಟ್ ಆಗುತ್ತದೆ. ಲಕ್ಷ್ಮೀ ನಗರಕ್ಕೆ ವಿದ್ಯುತ್ ಪೂರೈಸುವ ಬಿ.ಎಸ್.ಇ.ಎಸ್. ಯಮುನಾ ಕಂಪನಿಯ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನಮೂದಾಗಿರುತ್ತದೆ. ಅದನ್ನು ನೋಡಿದ ಬಳಿಕವೇ ಅಂಗಡಿಗೆ ಹೋಗಬೇಕು. ಬಾಡಿಗೆದಾರರು ಮನೆಯ ಮಾಲೀಕರೊಡನೆ ಈ ವಿಷಯವನ್ನು ಮೊದಲೇ ಮಾತನಾಡಿಕೊಳ್ಳುವುದು ಉಚಿತ.

ಒಟ್ಟಿನಲ್ಲಿ, ಸ್ವಲ್ಪ ಹೊತ್ತಿನ ಶುಚಿಯಾದ ಕೆಲಸಕ್ಕೆ ರಾಡ್ ಹೀಟರ್, ಕೆಲವು ಗಂಟೆಗಳ ಕೆಲಸಕ್ಕೆ ಆಯಿಲ್ ಹೀಟರ್, ದಿನವಿಡೀ ನಡೆಯುವ ಕೆಲಸಕ್ಕೆ ಎ.ಸಿ. ಎಂದು ವಿಂಗಡಿಸಿಕೊಳ್ಳಬಹುದು. ಬಣ್ಣ, ವಾರ್ನಿಷ್ ಬಳಿಯುವ ದಿನ ಯಾವ ಹೀಟರೂ ಬೇಡ. ಶಟರ್ ತೆರೆದು, ಸ್ವೆಟರ್ ತೊಟ್ಟು ಕೆಲಸ ಮುಗಿಸುವುದೇ ಕ್ಷೇಮ. ಊರಿನಿಂದ ಚಳಿಗಾಲದಲ್ಲಿ ಬರುವ ಹಿರಿಯರಿಗೂ, ಗಲ್ಲಿಯ ಕಾವಲುಗಾರರಿಗೂ ಅಗ್ಗಿಷ್ಟಿಕೆಯ ಅಪಾಯವನ್ನು ಓದುಗರು ತಿಳಿಸಿ ಹೇಳಬೇಕೆಂದು ವಿನಂತಿ. ಬೆಂಕಿಯ ಬಳಿ ಕುಳಿತವರಿಗೆ ತಲೆ ಭಾರವಾದರೆ ಮೊದಲು ಬಾಗಿಲು ತೆರೆದು ಅವರನ್ನು ಹೊರಗೆ ಕರೆತನ್ನಿ, ಆನಂತರ 112ಕ್ಕೆ ಕರೆ ಮಾಡಿ.