ಎಳೆಯುವ ಬಲ, ತಡೆಯುವ ಬಲ

ನೀರಿನ ಮೇಲೆ ದೋಣಿಯಷ್ಟು ಹಗುರವಾದ ವಾಹನವಿಲ್ಲ. ನೆಲದ ಮೇಲೆ ಅದರಷ್ಟು ಒಡ್ಡೊಡ್ಡಾದ ಹೊರೆಯೂ ಇಲ್ಲ. ಈ ವಿರೋಧವನ್ನು ನಮ್ಮ ಕಾವೇರೀತೀರದ ಅಂಬಿಗರು ಬಹು ಹಿಂದೆಯೇ ಬಗೆಹರಿಸಿಕೊಂಡರು. ಹನೂರು ತಾಲ್ಲೂಕಿನ ಅಂಚಿನಲ್ಲಿ, ಹೊಗೇನಕಲ್ಲಿನ ಮಗ್ಗುಲಲ್ಲಿ, ಇಂದಿಗೂ ಹರಿಗೋಲು ಓಡಾಡುತ್ತದೆ. ದಡ ಮುಟ್ಟಿದೊಡನೆ ಅಂಬಿಗನು ಆ ಬಿದಿರ ಹೆಣಿಗೆಯ ಬುಟ್ಟಿಯನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆದುಬಿಡುತ್ತಾನೆ. ನೀರಿನಲ್ಲಿ ತನ್ನನ್ನು ಹೊತ್ತುದನ್ನು ನೆಲದಲ್ಲಿ ತಾನು ಹೊರುವುದು ನ್ಯಾಯವೇ ಸರಿ. ದೋಣಿಯು ಮನುಷ್ಯನ ಅಳತೆಯನ್ನು ಮೀರಿ ಬೆಳೆದಾಗ ಮಾತ್ರ ಅದಕ್ಕೆ ಗಾಲಿ ಬೇಕಾಗುತ್ತದೆ. ಆ ಗಾಲಿಯನ್ನು ಎಳೆಯಲು ಇನ್ನೊಂದು ಗಾಡಿ ಬೇಕಾಗುತ್ತದೆ.

ಆ ಇನ್ನೊಂದು ಗಾಡಿ ಎಂಥದಿರಬೇಕು? ಕನ್ನಂಬಾಡಿಯ ಹಿನ್ನೀರಿನಲ್ಲಿ ಈಚಿನ ವರ್ಷಗಳಲ್ಲಿ ಹಾಯಿದೋಣಿಗಳ ಪಂದ್ಯಗಳು ನಡೆದಿವೆ. ಕೊಳ್ಳೇಗಾಲದಲ್ಲಿ ನನ್ನ ತರಗತಿಯಲ್ಲಿ ಕುಳಿತು ಹಳಗನ್ನಡ ಓದಿ, ಈಗ ಮೈಸೂರಿನಲ್ಲಿ ನೆಲಸಿರುವ ವಿದ್ಯಾರ್ಥಿಯೊಬ್ಬ ಗೆಳೆಯರೊಡನೆ ಅಂಥದೊಂದು ದೋಣಿಯನ್ನು ಕೊಳ್ಳಲು ಹೊರಟು, ಅದನ್ನು ಎಳೆಯಲು ಯಾವ ಟ್ರಕ್ಕು ಯೋಗ್ಯವೆಂದು ನನಗೆ ಬರೆದ. ಕನ್ನಡ ಅಧ್ಯಾಪಕನನ್ನು ಕೇಳುವ ಪ್ರಶ್ನೆಯೆ ಇದು ಎಂದು ಮೊದಲು ನಗು ಬಂತು. ಯೋಚಿಸಿದಷ್ಟೂ ಇದು ನಮ್ಮ ಸೀಮೆಯ ಗಾಡಿಕಾರರು ತಲೆತಲಾಂತರದಿಂದ ಉತ್ತರ ಹೇಳುತ್ತ ಬಂದ ಪ್ರಶ್ನೆಯೆಂದೇ ತೋರಿತು.

ಕೊಳ್ಳೇಗಾಲದ ಆಚೆ ದಡಕ್ಕೆ ದೂರವಲ್ಲದ ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವನನ್ನು ನೋಡಿ. ಅವನು ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ. ಕೊನೆಗೆ ನಡೆಸಿ ನೋಡುತ್ತಾನೆ. ಕೊಂಬಿನ ಚೆಲುವಿಗೆ ಬೆಲೆ ತೆತ್ತವನು ಹೊಲದಲ್ಲಿ ಪರಿತಪಿಸಬೇಕು. ಇಂದು ಟ್ರಕ್ಕು ಕೊಳ್ಳುವವರು ಮೊದಲು ಕೇಳುವುದು ಅಶ್ವಶಕ್ತಿ ಎಷ್ಟು ಎಂದು. ಆದರೆ ನಿಂತ ಹೊರೆಯನ್ನು ಕದಲಿಸುವುದು ಕುದುರೆಯ ಓಟವಲ್ಲ, ಎತ್ತಿನ ಹೆಗಲು. ಯಂತ್ರದ ಮಾತಿನಲ್ಲಿ ಇದಕ್ಕೆ ಟಾರ್ಕ್ ಎಂದು ಹೆಸರು. ಕಡಮೆ ವೇಗದಲ್ಲಿಯೇ ಇದನ್ನು ಧಾರಾಳವಾಗಿ ಕೊಡುವ ಡೀಸೆಲ್ ಎಂಜಿನ್ನು ಈ ಕೆಲಸಕ್ಕೆ ಒಗ್ಗುತ್ತದೆ.

ಇನ್ನು ತೂಕದ ಲೆಕ್ಕ. ಜೆ-೨೪ ಎಂಬ, ೨೪ ಅಡಿ ಉದ್ದದ ಪ್ರಸಿದ್ಧ ಹಾಯಿದೋಣಿ ಸುಮಾರು ೧,೪೦೦ ಕಿಲೋ ತೂಗುತ್ತದೆ. ಅಡಿಯ ಟ್ರೈಲರು ೫೦೦ ಕಿಲೋ, ಹಾಯಿ, ಲಂಗರು, ಹಗ್ಗ ಮೊದಲಾದವು ೧೦೦ ಕಿಲೋ ಎಂದಿಟ್ಟುಕೊಂಡರೆ ಒಟ್ಟು ೨,೦೦೦ ಕಿಲೋ. ದೋಣಿಯ ತೂಕವನ್ನಷ್ಟೇ ಎಣಿಸಿದವನು ಆರುನೂರು ಕಿಲೋಗಳನ್ನು ಲೆಕ್ಕದಿಂದ ಬಿಟ್ಟಂತಾಯಿತು. ಟ್ರಕ್ಕನ್ನು ಮಾಡಿದವರು ಎಳೆಯಬಹುದೆಂದು ಬರೆದುಕೊಟ್ಟಿರುವ ಮಿತಿ ಈ ಒಟ್ಟು ತೂಕಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಎಳೆಯುವುದು ಎಳೆಸಿಕೊಳ್ಳುವುದಕ್ಕಿಂತ ಹಗುರವಾಗಿರಬಾರದು.

ತೂಕ ಎಷ್ಟು ಎಂಬುದರಷ್ಟೇ ಮುಖ್ಯವಾದುದು, ಅದು ಎಲ್ಲಿ ಕುಳಿತಿದೆ ಎಂಬುದು. ಯಳಂದೂರಿನ ಬಯಲಿನಲ್ಲಿ ಹುಲ್ಲನ್ನೋ ಕಬ್ಬನ್ನೋ ಹೇರುವ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಗಾಡಿ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ಒತ್ತಿ ಹುಣ್ಣಾಗಿಸುತ್ತದೆ. ಹದವಾದ ಮುಂಭಾರವೇ ಗಾಡಿಕಟ್ಟುವವನ ಜಾಣ್ಮೆ. ಅಮೆರಿಕದ ಟ್ರೈಲರು ಎಳೆಯುವವರ ಸೂತ್ರವೂ ಇದೇ: ಒಟ್ಟು ತೂಕದಲ್ಲಿ ಶೇಕಡಾ ೧೦ರಿಂದ ೧೫ರಷ್ಟು ಕೊಂಡಿಯ ಮೇಲಿರಬೇಕು. ನಮ್ಮ ಲೆಕ್ಕದಲ್ಲಿ ಅದು ೨೦೦ರಿಂದ ೩೦೦ ಕಿಲೋ. ಅಷ್ಟು ಭಾರ ಟ್ರಕ್ಕಿನ ಹಿಂದಿನ ಅಚ್ಚಿನ ಮೇಲೆ ಬೀಳುವುದರಿಂದ, ಒಳಗೆ ಕುಳಿತ ಜನ, ಹಿಂದೆ ಹೇರಿದ ಸಾಮಾನು ಇವುಗಳ ಜೊತೆಗೇ ಅದನ್ನೂ ಕೂಡಿಸಿಕೊಳ್ಳಬೇಕು. ಹಿಂಭಾರವಾದ ಟ್ರೈಲರು ವೇಗ ಹೆಚ್ಚಿದಂತೆ ಅತ್ತಿತ್ತ ಬಾಲ ಬೀಸತೊಡಗುತ್ತದೆ; ಬೀಸು ಬೆಳೆದರೆ ಎಳೆಯುವ ಟ್ರಕ್ಕನ್ನೂ ದಾರಿಯಿಂದ ಎತ್ತಿ ಹಾಕುತ್ತದೆ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕೂ ದೊಡ್ಡ ಮಾತು ಇನ್ನೊಂದಿದೆ. ಮಲೆಮಹದೇಶ್ವರ ಬೆಟ್ಟದ ದಾರಿಯನ್ನು ಬಲ್ಲವರಿಗೆ ಅದು ಒಡನೆ ಹೊಳೆದೀತು. ಹತ್ತಲಾರದ ಗಾಡಿ ನಿಲ್ಲುತ್ತದೆ. ಇಳಿಯಲಾರದ ಗಾಡಿ ನಿಲ್ಲುವುದಿಲ್ಲ. ಹಿಂದಿನ ಗಾಡಿಕಾರರು ಇಳುಕಲು ಬಂದೊಡನೆ ಗಾಲಿಗೆ ಮರದ ತಡೆಯನ್ನು ಹಗ್ಗದಿಂದ ಬಿಗಿಯುತ್ತಿದ್ದರು. ನಮ್ಮ ತೇರುಗಳನ್ನೇ ನೋಡಿ: ಹಗ್ಗ ಹಿಡಿದವರು ನೂರಾರು ಮಂದಿ, ಊರಿನ ಪ್ರಾಣ ಮಾತ್ರ ಗಾಲಿಯಡಿಗೆ ಮರದ ದಿಮ್ಮಿ ಕೊಡುವ ನಾಲ್ಕಾರು ಮಂದಿಯ ಕೈಯಲ್ಲಿ. ಎರಡು ಟನ್ನಿನ ದೋಣಿಯನ್ನು ಟ್ರಕ್ಕಿನ ಬ್ರೇಕೊಂದರಿಂದಲೇ ತಡೆದು ಇಳಿಸಹೊರಟರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದುದರಿಂದ ಟ್ರೈಲರಿಗೆ ತನ್ನದೇ ಬ್ರೇಕು ಇರಬೇಕು, ಇಳಿಯುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ನೇ ಹೊರೆಯನ್ನು ಹಿಡಿದಿರಬೇಕು.

ಇಲ್ಲಿ ಶಿವನಸಮುದ್ರ ನೆನಪಾಗುತ್ತದೆ. ಭರಚುಕ್ಕಿ ನೋಡಲು ಹೋಗುವ ನಮ್ಮಲ್ಲಿ ಎಷ್ಟು ಮಂದಿ ಅಲ್ಲಿಯ ವಿದ್ಯುದಾಗಾರದ ಯಂತ್ರಗಳು ಬಂದ ದಾರಿಯನ್ನು ನೆನೆಯುತ್ತೇವೆ? ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೆ, ಸುಮಾರು ೯೨ ಮೈಲಿ ದೂರಕ್ಕೆ, ವಿದ್ಯುತ್ತನ್ನು ಕಳುಹಿಸಿದ ಆ ಯಂತ್ರಗಳು ಸಮುದ್ರ ದಾಟಿ ಬಂದು, ಮದ್ದೂರಿನ ರೈಲು ನಿಲ್ದಾಣದಿಂದ ಮುಂದಕ್ಕೆ ಆನೆ, ಎತ್ತು, ಕುದುರೆಗಳ ಬಲದಿಂದ ಸಾಗಿದವು. ವಿದ್ಯುದಾಗಾರವಿರುವುದು ಕಣಿವೆಯ ತಳದಲ್ಲಿ. ಅಲ್ಲಿಗೆ ಯಂತ್ರಗಳನ್ನು ಇಳಿಸಿದ್ದು ಎಳೆಯುವ ಕೆಲಸವಲ್ಲ, ತಡೆಯುವ ಕೆಲಸ.

ನೀರಿನ ಅಂಚಿನಲ್ಲಿಯೂ ಕಡೆಯ ಪರೀಕ್ಷೆಯೊಂದು ಕಾದಿರುತ್ತದೆ. ದೋಣಿಯನ್ನು ತೇಲಿಬಿಡಲು ಟ್ರಕ್ಕು ಹಿಂದಕ್ಕೆ ಸರಿದು ಹಸಿ ಕೆಸರಿನ ಮೇಲೆ ನಿಲ್ಲಬೇಕು. ಸಂಜೆ ಅದೇ ಕೆಸರಿನಿಂದ ತೊಯ್ದ ದೋಣಿಯನ್ನು ಮೇಲಕ್ಕೆ ಸೆಳೆಯಬೇಕು. ನಾಲ್ಕು ಗಾಲಿಗಳಿಗೂ ಬಲ ಹರಿಯುವ ಟ್ರಕ್ಕಿಗೆ ಇಲ್ಲಿ ಕೊಟ್ಟ ಹಣ ಸಾರ್ಥಕ. ಅದಿಲ್ಲದವರು ಟ್ರಕ್ಕನ್ನು ಒಣನೆಲದಲ್ಲಿ ನಿಲ್ಲಿಸಿ ಉದ್ದನೆಯ ಹಗ್ಗವನ್ನು ನಂಬುವುದು ಲೇಸು.

ವಿದ್ಯಾರ್ಥಿಗೆ ಇಷ್ಟನ್ನೂ ಬರೆದು, ಕೊನೆಗೊಂದು ಮಾತು ಸೇರಿಸಿದೆ: ಕೈಯಲ್ಲಿರುವ ಹಣಕ್ಕೆ ತಕ್ಕ ಟ್ರಕ್ಕು ಸಿಗದಿದ್ದರೆ ಟ್ರಕ್ಕಿನ ಶಕ್ತಿಯನ್ನು ಹಿಗ್ಗಿಸಿ ಎಣಿಸಬೇಡ, ದೋಣಿಯನ್ನು ಕುಗ್ಗಿಸು. ಒಬ್ಬನೇ ನಡೆಸುವ ಲೇಸರ್ ಎಂಬ ದೋಣಿಯ ಒಡಲು ೫೯ ಕಿಲೋ; ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ೩೫ ಕಿಲೋ. ಅವನ್ನು ಇಬ್ಬರು ಎತ್ತಿ ಸಾಧಾರಣ ಕಾರಿನ ನೆತ್ತಿಗೆ ಕಟ್ಟಬಹುದು. ಹಾಯಿ ಚಿಕ್ಕದಾದರೂ ಅದನ್ನು ತುಂಬುವ ಗಾಳಿ ಅದೇ.